ಎರಡನೇ ಎಂಜಿನ್ನಿಗೆ ಕೊಟ್ಟ ಕಿವಿ

ಗಣಿ ಕ್ವಾರ್ಟರ್ಸ್,
೧೪ನೇ ತಾರೀಕು, ಭಾನುವಾರ ಮಧ್ಯಾಹ್ನ

ಮುನಿಸಿಕೊಂಡಿರುವ ನನ್ನ ಯಜಮಾನಿಗೆ,

ಹೇಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ? ಮಗಳಿಗೆ ಮೂರನೇ ಹಲ್ಲು ಬಂತೇ? ಎರಡು ತಿಂಗಳಿಂದ ಫೋನ್ ಮಾಡಿದರೆ ಎರಡೇ ಮಾತಿಗೆ ಇಟ್ಟುಬಿಡುತ್ತೇನೆ ಎಂದು ನಿನಗೆ ಕೋಪ. “ಆ ಎಂಜಿನ್ನನ್ನೇ ಕಟ್ಕೋಬೇಕಿತ್ತು ಅವರು” ಅಂದೆಯಂತೆ, ನಿನ್ನ ತಮ್ಮ ಬರೆದಿದ್ದಾನೆ. ಒಪ್ಪಿದೆ. ಆದರೆ ಅದಕ್ಕೆ ನಿನ್ನಷ್ಟು ಚೆನ್ನಾಗಿ ಬಯ್ಯಲು ಬರುವುದಿಲ್ಲ ಕಣೇ.

ಈ ಗುಡ್ಡಕ್ಕೆ ಹೊರಗಿನ ಕರೆಂಟು ಬಂದಿಲ್ಲ, ನಿನಗೆ ಗೊತ್ತು. ಗಣಿಯೊಳಗೆ ಗಾಳಿ ಊದುವ ಫ್ಯಾನು, ನೀರೆತ್ತುವ ಪಂಪು, ದೀಪ ಎಲ್ಲವೂ ನಮ್ಮ ಮೂರು ಡೀಸೆಲ್ ಎಂಜಿನ್ನುಗಳನ್ನೇ ನಂಬಿಕೊಂಡಿವೆ. ಪಾಳಿ ಬದಲಾಗುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವುದು ನನ್ನ ಕೆಲಸ. ನಾನು ‘ಹೂಂ, ಸರಿಯಿದೆ’ ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಅದಕ್ಕೇ ಎಲ್ಲರೂ ನನ್ನನ್ನು ಡಾಕ್ಟರೇ ಎಂದು ಕರೆಯುವುದು. ಎಷ್ಟು ಸಲ ನಿನ್ನೆದುರು ಜಂಬ ಕೊಚ್ಚಿಕೊಂಡಿಲ್ಲ!

ಹೋದ ಮಂಗಳವಾರ ಬೆಳಿಗ್ಗೆ ಎರಡನೇ ಎಂಜಿನ್ನಿಗೆ ಕಿವಿ ಕೊಟ್ಟೆ. ಎಡಗಿವಿ, ಯಾವಾಗಿನಂತೆ. ಒಂದಿಷ್ಟೂ ಕರಕರ ಇಲ್ಲ, ಎಷ್ಟು ನಯವಾಗಿ ಓಡುತ್ತಿದೆ ಎಂದು ಖುಷಿಪಟ್ಟೆ. ‘ಸರಿಯಿದೆ’ ಅಂದೆ. ಗಂಟೆಯೊಳಗೆ ಬೇರಿಂಗ್ ಕಚ್ಚಿಕೊಂಡು ಎಂಜಿನ್ ನಿಂತಿತು, ಅದರ ಮೇಲಿದ್ದ ಫ್ಯಾನು, ದೀಪಗಳೂ ನಿಂತವು. ಮೂರನೆಯದನ್ನು ಶುರುಮಾಡಿ ಫ್ಯಾನು ತಿರುಗುವ ಹೊತ್ತಿಗೆ ಹನ್ನೊಂದು ನಿಮಿಷ. ಕೆಳಗೆ ಕತ್ತಲಲ್ಲಿ ನಲವತ್ತು ಜನ. ಎಲ್ಲರೂ ಕ್ಷೇಮವಾಗಿ ಮೇಲೆ ಬಂದರು, ಹೆದರಬೇಡ. ಯಾರೂ ಬಯ್ಯಲಿಲ್ಲ. ವಯಸ್ಸಾದ ಕೆಲಸಗಾರನೊಬ್ಬ ನನ್ನ ಹೆಗಲು ತಟ್ಟಿ, “ಎಂಜಿನ್ ಅಂದಮೇಲೆ ಕೆಡುತ್ತೆ, ಬಿಡಿ ಡಾಕ್ಟ್ರೇ” ಅಂದ. ಬಯ್ದಿದ್ದರೇ ಚೆನ್ನಾಗಿತ್ತು. ನನಗೆ ಅಳು ಬಂತು. ನೇರವಾಗಿ ಮ್ಯಾನೇಜರ ಹತ್ತಿರ ಹೋಗಿ, ತಪ್ಪು ಎಂಜಿನ್ನಿನದಲ್ಲ, ನನ್ನ ಕಿವಿಯದು ಎಂದೆ. ಈಗ ನನ್ನನ್ನು ಎಣ್ಣೆ ಟ್ಯಾಂಕುಗಳ ಉಸ್ತುವಾರಿಗೆ ಹಾಕಿದ್ದಾರೆ. ಅಳತೆಕೋಲು ಇಳಿಸಿ ನೋಡುವುದಕ್ಕೆ ಕಣ್ಣಿದ್ದರೆ ಸಾಕು.

ಇಪ್ಪತ್ತನಾಲ್ಕಕ್ಕೆ ರಜೆಯ ಮೇಲೆ ಬರುತ್ತೇನೆ. ಅತ್ತೆಯವರಿಗೆ ನಮಸ್ಕಾರ, ಮಗಳಿಗೆ ಕೆನ್ನೆ ತುಂಬ ಮುತ್ತು.

ನಿನ್ನ,
ಕೆಲಸ ಕಳೆದುಕೊಂಡ ಡಾಕ್ಟರು

ಮತ್ತೆ: ಟಪಾಲಿನ ಜೀಪು ಹೊರಟು ನಿಂತಿದೆ. ಮೊನ್ನೆ ಫೋನನ್ನು ಮಗಳ ಬಾಯಿಗೆ ಹಿಡಿದು, “ಅಪ್ಪಾ ಅಂದ್ಲು ರೀ, ಕೇಳಿಸ್ತಾ?” ಎಂದು ಕೂಗಿದೆಯಲ್ಲ, ‘ಹೂಂ, ಕೇಳಿಸಿತು’ ಅಂದೆ. ಕೇಳಿಸಿರಲಿಲ್ಲ ಕಣೇ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಉಳಿದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಾನು ಬಂದ ಕೂಡಲೇ ಸ್ನಾನ, ಊಟ ಎಂದು ಓಡಾಡಬೇಡ. ಮೊದಲು ಅವಳನ್ನು ನನ್ನ ಬಲತೋಳಿಗೆ ಕೊಡು. ಅಲ್ಲಿಯವರೆಗೆ ಆ ಮಾತು ಅವಳಿಗೆ ಮರೆಯದ ಹಾಗೆ ನೋಡಿಕೋ.