ಅಂಗಾಲಿಗೆ ಇಳಿಸುವ ವಿದ್ಯೆ

ಸದಾಶಿವ ಪೇಠ, ಪುಣೆ
೧೧ ಫೆಬ್ರವರಿ ೨೦೨೫, ಮಂಗಳವಾರ

ಮುದ್ದಿನ ತ್ರಿವೇಣಿಗೆ ನಿನ್ನ ಕಾಕಾನ ತುಂಬು ಆಶೀರ್ವಾದ.

ಶಿವಾಜಿನಗರ ಸ್ಟೇಷನ್ನಿನಲ್ಲಿ ನಾನು ಕಣ್ಣು ಮುಚ್ಚಿ ನಿಂತೆನೆಂದರೆ, ತೆರೆಯುವವರೆಗೆ ಲೋಕಲ್ ಗಾಡಿ ಹೊರಡುವುದಿಲ್ಲ. ಗಾರ್ಡು ಬಾವುಟ ಮಡಚಿ ಕೈಮುಗಿದು ನಿಲ್ಲುತ್ತಾನೆ. ಇಡೀ ಪುಣೆಯಲ್ಲಿ ಧ್ಯಾನದಲ್ಲಿ ನನಗೆ ಸಮನಾದವರು ಇಬ್ಬರೇ ಇದ್ದರು; ಇಬ್ಬರೂ ನನ್ನನ್ನು ನೋಡಿ ನಾಚಿ ಊರು ಬಿಟ್ಟರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನ ಸಾಧನೆ ಇದು.

ಇಂಥ ದೊಡ್ಡ ಮನುಷ್ಯ ನಿನ್ನ ಮಾತಿಗೆ ಎಂಟು ದಿನ ಉತ್ತರ ಕೊಡಲಿಲ್ಲ, ತಪ್ಪಾಯಿತು ನನ್ನವ್ವ. ಫೋನು ಮಾಡಬಹುದಿತ್ತು. ಆದರೆ ನಮ್ಮ ಖಾನಾವಳಿಯಲ್ಲಿ ನಾನು ಫೋನು ಹಿಡಿದರೆ ಸಾಕು, ನಿನ್ನ ಕಾಕು ಸಾವಂತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿ ಕೊಡುತ್ತಾಳೆ. ಬಡಿತ ನಿಂತರೆ ಊಟಕ್ಕೆ ಕೂತ ಕೋಚಿಂಗ್ ಕ್ಲಾಸಿನ ಹುಡುಗರು ತಾಟು ಬಾರಿಸುತ್ತಾರೆ. ಅವಳ ಕಿವಿಗೆ ಬೀಳಬಾರದ ಮಾತೊಂದು ಇರುವುದರಿಂದ ಕಾಗದ ಹಿಡಿದಿದ್ದೇನೆ. ಇಲ್ಲಿ ಎಲ್ಲ ನೆಟ್ಟಗಿದೆ. ಬದನೆಕಾಯಿ ಇಳಿದಿದೆ, ಬಾಡಿಗೆ ಏರಿದೆ. ನಮ್ಮ ವೈನಿಯ, ಅದೇ ನಿಮ್ಮವ್ವನ ಕೆಮ್ಮು ಕಡಿಮೆಯಾಯಿತೇ? ನಿಮ್ಮ ಇಂಡಿಯಲ್ಲಿ ಆಗಲೇ ಬಿಸಿಲು ಶುರುವಾಗಿರಬೇಕು.

ನೀನು ಫೋನಿನಲ್ಲಿ ಕಳಿಸಿದ ಮಾತನ್ನು ಸಿಲಿಂಡರ್ ಇಡುವ ಕೋಣೆಯಲ್ಲಿ ನಿಂತು ನಾಲ್ಕು ಸಲ ಕೇಳಿದೆ. “ಕಾಕಾ, ನೆತ್ತಿ ಒಳಗ ಗಿರಣಿ ತಿರಗಿದಂಗ ಆಗ್ತದ. ಹದಿನೈದ ದಿನ ಆತು, ನಿದ್ದಿ ಇಲ್ಲ. ನಿನ್ನೆ ಕುಪ್ಪಸ ಹೊಲಿಯೂಮುಂದ ಸೂಜಿ ಬೆರಳಾಗ ಹೋತು, ರಕ್ತ ಬಂದ ಮ್ಯಾಲೆ ಗೊತ್ತಾತು. ಎರಡನೇ ಹಂತಕ್ಕ ಬಂದ್ರ ಎಲ್ಲಾ ಇಳೀತದ ಅಂತಾರ ಗುರೂಜಿ ಕಡೆಯವ್ರು. ಎಂಬ್ರಾಯ್ಡರಿ ಮಷೀನ ಮಾರಿ ಬರ್ಲೇನು? ನೀ ಎಷ್ಟ ಕೊಟ್ಟಿದ್ದಿ, ಖರೇ ಹೇಳು.”

ಮಷೀನು ಮಾರಬೇಡ. ಉಳಿದದ್ದನ್ನು ನಿಧಾನಕ್ಕೆ ಓದು, ಇದನ್ನು ಮಾತ್ರ ಈಗಲೇ ಓದು. ಆ ಮಷೀನಿಗಾಗಿ ನೀನು ಮೂರು ವರ್ಷ ಊರ ಕುಪ್ಪಸಗಳಿಗೆಲ್ಲ ಹುಕ್ಕು ಹಚ್ಚಿದ್ದನ್ನು ನಾನು ಬಲ್ಲೆ. ಗುರೂಜಿಯ ಧ್ಯಾನದ ಮೊದಲನೆಯ ಹಂತಕ್ಕೆ ಫೋನಿನಲ್ಲೇ ನಿನ್ನ ಹೆಸರು ಹಚ್ಚಿಸಿದವನೂ ನಾನೇ. “ನಿನ್ನ ಕಾಕಾನ ರಕ್ತ, ನಿನಗ ಲಗೂ ಹತ್ತತದ” ಎಂದು ಉಬ್ಬಿಸಿದ್ದೆ.

ನನಗೂ ಹೀಗೇ ಆಗಿತ್ತು. ಗುರೂಜಿ ಅರ್ಧ ತಾಸು ಕೂಡು ಎಂದರೆ ನಾನು ಮೂರು ತಾಸು ಕೂತೆ. ಹುಬ್ಬುಗಳ ನಡುವೆ ಚಿತ್ತ ಇಟ್ಟು ಇಟ್ಟು ತಲೆ ಹಂಚಿನಂತೆ ಕಾಯತೊಡಗಿತು. ನೂರರ ನೋಟು ಕೊಟ್ಟವನಿಗೆ ನೂರಿಪ್ಪತ್ತು ಚಿಲ್ಲರೆ ಕೊಟ್ಟೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದವನ ತಾಟನ್ನೇ ಕಿತ್ತುಕೊಂಡೆ. ಹೋಗಿ ಹೇಳಿದರೆ ಗುರೂಜಿ ಚಪ್ಪಾಳೆ ತಟ್ಟಿದರು. “ಛಾನ್, ಕಾಕಾ, ಛಾನ್! ಶಕ್ತಿ ಜಾಗೀ ಝಾಲೀ!” ಶಕ್ತಿ ಎದ್ದು ಕೂತಿದೆಯಂತೆ. ಅದನ್ನು ಇಳಿಸುವುದು ಎರಡನೆಯ ಹಂತ, ಅದರ ಶುಲ್ಕ ಬೇರೆ. ಏರಿಸುವುದು ಅಗ್ಗ, ಇಳಿಸುವುದು ತುಟ್ಟಿ. ಆಗಲೇ ತಿಳಿಯಬೇಕಿತ್ತು. ಆದರೆ ನನ್ನನ್ನು ಹೊಗಳುವವರ ಮುಂದೆ ಎದುರು ಪ್ರಶ್ನೆ ಕೇಳುವ ರೂಢಿ ನನಗಿಲ್ಲ, ನಿನಗೆ ಗೊತ್ತಲ್ಲ.

ಆ ಎರಡನೆಯ ಹಂತವೆಂದರೆ ದೌಂಡದ ಹತ್ತಿರ, ಕಬ್ಬಿನ ಹೊಲಗಳ ನಡುವೆ ಒಂದು ಬಂಗಲೆಯಲ್ಲಿ ಏಳು ದಿನದ ಶಿಬಿರ. ಮೊದಲ ದಿನ ಬರಿಗಾಲಲ್ಲಿ ಮಣ್ಣಿನ ಮೇಲೆ ನಡೆಸಿದರು. ಮರುದಿನ ತುಂಬಿದ ಕೊಡ ಹೊರಿಸಿದರು. ಆಮೇಲೆ ಕೆಸರು ತುಳಿಸಿದರು, ಕಲ್ಲು ಎತ್ತಿಸಿದರು. ಜೊತೆಗಿದ್ದ ಶಹರದ ಸಾಹೇಬರು, ಮೇಡಮ್ಮುಗಳು ಕಣ್ಣಲ್ಲಿ ನೀರು ತಂದುಕೊಂಡು “ಆಹಾ, ಮಣ್ಣು!” ಎನ್ನುತ್ತಿದ್ದರು. ನಾನೂ ಎಂದೆ, ಎಲ್ಲರಿಗಿಂತ ಜೋರಾಗಿ ಎಂದೆ. ಹದಿನೆಂಟರವರೆಗೆ ಇದೇ ಕೆಲಸ ಮಾಡಿ, ಬೇಸತ್ತು, ಸೊಲ್ಲಾಪುರದ ಗಾಡಿ ಹತ್ತಿ ಓಡಿಬಂದವನು ನಾನು! ಅದನ್ನೇ ಶುಲ್ಕ ತೆತ್ತು ಮಾಡಿದೆ. ಎಲ್ಲರಿಗಿಂತ ಚೆನ್ನಾಗಿ ಮಾಡಿದೆನೆಂದು ಸರ್ಟಿಫಿಕೇಟು ಬೇರೆ ಕೊಟ್ಟರು.

ಬರುವಾಗ ದೌಂಡದಲ್ಲಿ ನಮ್ಮೂರ ಚನ್ನವೀರನ ಮನೆಗೆ ಹೋದೆ. ರೇಲ್ವೆ ನೌಕರಿಯ ಜೊತೆ ಅಲ್ಲೇ ಎರಡು ಎಕರೆ ಕಬ್ಬು ಮಾಡಿದ್ದಾನೆ. ಸರ್ಟಿಫಿಕೇಟನ್ನು ಅವನು ಮುಂದೆ ಓದಿದ, ತಿರುವಿ ಹಿಂದೆಯೂ ನೋಡಿದ.

“ಲೇ ಬಸ್ಯಾ, ನನ್ನ ಹೊಲಕ್ಕ ಬಂದಿದ್ರ ನೀರ ಹಾಯ್ಸಾಕ ಹಚ್ಚಿ, ಮ್ಯಾಲೆ ನಾನ ಪಗಾರ ಕೊಡತಿದ್ನೆಲ್ಲೋ!”

“ಅದ ಬ್ಯಾರೆ, ಇದ ಬ್ಯಾರೆ. ಇದ್ರಾಗ ಲಕ್ಷ್ಯ ಅಂಗಾಲಾಗ ಇಡಬೇಕು.”

“ಮುಳ್ಳ ಇದ್ದಲ್ಲೆ ನಡೀ, ಲಕ್ಷ್ಯ ತಾನ ಇರ್ತದ.”

ನಗು ಬಂತೇ? ನಗು. ಆದರೆ ವಿದ್ಯೆ ಸುಳ್ಳಲ್ಲ ಮಗಳೇ. ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿ ಬಂದಿದ್ದೇನೆ. ಬಾಯಿ ಮುಚ್ಚಿಕೊಂಡೇ ಬರೆಯುತ್ತಿದ್ದೇನೆ. ಧ್ಯಾನಕ್ಕೆ ಕೂಡುವುದನ್ನು ಇವತ್ತೇ ನಿಲ್ಲಿಸು. ಬೆಳಿಗ್ಗೆ ಚಪ್ಪಲಿ ಬಿಟ್ಟು ಮಣ್ಣಿನಲ್ಲಿ ನಡೆ. ಹಿಮ್ಮಡಿ ಊರಿತು, ಅಂಚು ಊರಿತು, ಬೆರಳು ಊರಿತು ಎಂದು ಗಮನಿಸುತ್ತ ನಿಧಾನಕ್ಕೆ ನಡೆ. ನೆತ್ತಿ ಗುಂಯ್‌ಗುಟ್ಟಿದರೆ ಅದರ ಜೊತೆ ಗುದ್ದಾಡಬೇಡ, ಕಾಲಿಗೆ ತಣ್ಣೀರು ಸುರುವಿಕೊಂಡು ನೀರು ಇಳಿಯುವುದನ್ನು ನೋಡು. ಗುರೂಜಿ ಹಚ್ಚಿದ ಹಾಲು ಹಣ್ಣಿನ ಉಪವಾಸ ಬಿಡು. ಬಿಸಿ ರೊಟ್ಟಿ, ಬೇಳೆ, ಬೆಣ್ಣೆ ಹೊಟ್ಟೆ ತುಂಬ ಉಣ್ಣು. ಮಧ್ಯಾಹ್ನ ಚಾಪೆಯನ್ನೂ ಹಾಸದೆ ಬರಿ ನೆಲಕ್ಕೆ ಬೆನ್ನು ಹಚ್ಚಿ, ಮೈಯ ಭಾರವನ್ನೆಲ್ಲ ನೆಲಕ್ಕೆ ಒಪ್ಪಿಸು. ದಿನಕ್ಕೊಮ್ಮೆ ವೈನಿಯ ಜೊತೆ ಜಗಳವಾಡು. ಇದು ಶಿಬಿರದ್ದಲ್ಲ, ನನ್ನ ಸ್ವಂತ ಸಂಶೋಧನೆ. ಹತ್ತು ದಿನದಲ್ಲಿ ನಿದ್ದೆ ಬಾರದಿದ್ದರೆ ವಿಜಯಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸು. ನಾಚಬೇಡ.

ನಿಜ ಹೇಳಬೇಕೆಂದರೆ ಶಿಬಿರದಿಂದ ಬಂದ ಮೇಲೂ ಒಂದೊಂದು ಸಂಜೆ ನನಗೆ ತಲೆ ಏರುತ್ತಿತ್ತು. ನಿನ್ನ ಕಾಕು ನೋಡಿ ನೋಡಿ, “ಬರ್ರಿ ಇಲ್ಲೆ, ಕೂಡ್ರಿ. ಹಿಟ್ಟ ನಾದ್ರಿ” ಎಂದಳು.

“ನನಗ ಸರ್ಟಿಫಿಕೇಟ ಅದ.”

“ಅದನ್ನ ಗ್ವಾಡಿಗೆ ಹಚ್ರಿ, ಕೈ ಹಿಟ್ಟಿಗೆ ಹಚ್ರಿ.”

ಐವತ್ತು ರೊಟ್ಟಿಯ ಹಿಟ್ಟು ನಾದಿಸಿದಳು. ಅವತ್ತು ಮಲಗಿದವನು ಹಾಲಿನವನು ಬಾಗಿಲು ಬಡಿದಾಗಲೇ ಎದ್ದೆ. ಈಗ ರೊಟ್ಟಿಯನ್ನೂ ಬಡಿಯುತ್ತೇನೆ. ನನ್ನ ರೊಟ್ಟಿ ಅವಳದಕ್ಕಿಂತ ದುಂಡಗಿರುತ್ತದೆ. ಅವಳು ಒಪ್ಪುವುದಿಲ್ಲ, ಹುಡುಗರೂ ಒಪ್ಪುವುದಿಲ್ಲ.

ನಿನ್ನ ಕೈಬೆರಳು ಚೆನ್ನಾಗಿರಲಿ, ಕಣ್ತುಂಬ ನಿದ್ದೆ ಬರಲಿ. ನೀನು ಹೊಲಿದದ್ದನ್ನು ತೊಟ್ಟು ನೂರು ಮದುಮಕ್ಕಳು ಹಸೆ ಏರಲಿ. ವೈನಿಗೆ ನಮಸ್ಕಾರ.

ಇಂತಿ ನಿನ್ನ ಕಾಕಾ,
ಹೊಳಬಸಪ್ಪ

ತಾ.ಕ.: ನೀನು ಕೇಳಿದ್ದಕ್ಕೆ ಇನ್ನೂ ಉತ್ತರ ಬರೆದಿಲ್ಲ. ಗುರೂಜಿ ನನ್ನ ಮುಖದ ಕಳೆ ನೋಡಿಯೇ ಪುಕ್ಕಟೆ ಕಲಿಸಿದರೆಂದು ನಿನ್ನ ಕಾಕುಗೆ ಹೇಳಿದ್ದೇನೆ. ಅವಳು ನಂಬಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ತನ್ನ ಮೊಣಕಾಲಿನ ಆಪರೇಷನ್ನಿಗೆಂದು ಒಂಬತ್ತು ವರ್ಷ ಕೂಡಿಸಿದ್ದು ಬ್ಯಾಂಕಿನಲ್ಲಿದೆ ಎಂದುಕೊಂಡಿದ್ದಾಳೆ. ಈ ಬೇಸಿಗೆಗೆ ಮಾಡಿಸೋಣವೇ ಎಂದು ನಿನ್ನೆ ಕೇಳಿದಳು. “ಮಳಿಗಾಲ ಮುಗೀಲಿ ತಡಿ” ಎಂದೆ. “ಹೂಂ, ಆತ ಬಿಡ್ರಿ” ಎಂದು ಗೋಡೆ ಹಿಡಿದು ಎದ್ದಳು. ಕಾಗದ ಡಬ್ಬಿಗೆ ಹಾಕಿ ಬಂದು ಅವಳಿಗೂ ಹೇಳುತ್ತೇನೆ. ಅವಳ ಮುಂದೆ ಬಾಯಿ ಏಳುವುದಿಲ್ಲ, ಅದಕ್ಕೇ ಮೊದಲು ನಿನಗೆ ಬರೆದು ನೋಡುತ್ತಿದ್ದೇನೆ. ಮೇಲೆ ಗೀಚಿ ಹೊಡೆದುಹಾಕಿದ್ದು ಕಾಣುತ್ತದಲ್ಲ, ಅಲ್ಲಿ ಎಪ್ಪತ್ತು ಸಾವಿರ ಎಂದು ಬರೆದಿದ್ದೆ. ಅದಲ್ಲ. ಒಂದು ಲಕ್ಷ ಎಪ್ಪತ್ತೆರಡು ಸಾವಿರ.