ಮುಂದಿನ ಸೀಟು

ಇನಾಲಾಹನ್, ಗುವಾಮ್
ಜನವರಿ 14, ಮಂಗಳವಾರ

ಪ್ರೀತಿಯ ಅಪ್ಪಾ,

ನಿನ್ನ ಬಲಗೈಯನ್ನು ಇಲ್ಲಿಂದಲೇ ಹಿಡಿದು ಮೂಗಿಗೆ ಒತ್ತಿಕೊಂಡಿದ್ದೇನೆ. ಹಿರಿಯರ ಕೈ ಮೂಸದೆ ಮಾತು ಶುರು ಮಾಡಿದರೆ ಅಜ್ಜಿ ಈಗಲೂ ಚಪ್ಪಲಿಗೆ ಕೈ ಹಾಕುತ್ತಾಳೆ, ಅದಕ್ಕೇ ಮೊದಲು ಈ ಶಾಸ್ತ್ರ. ನಿನ್ನ ಮೊಣಕಾಲು ಹೇಗಿದೆ? ಮರಳುಗಾಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಅಮ್ಮ ಕಳಿಸಿದ ಡಬ್ಬದಲ್ಲಿ ಫಿನಾಡೆನಿ ಬಾಟಲಿ ಒಡೆಯದೆ ಬಂತೋ ಇಲ್ಲವೋ ಬರೆ. ಹೋದ ಸಲ ನಿನ್ನ ಕಾಲುಚೀಲಗಳೆಲ್ಲ ನಿಂಬೆ-ಮೆಣಸಿನ ಸಾರು ಕುಡಿದು, ಇಡೀ ಸೇನಾ ಬಿಡಾರದವರಿಗೆ ಹಸಿವಾಗಿತ್ತಂತಲ್ಲ! ಈ ಸಲ ನಾನೇ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದ್ದೇನೆ. ಸುತ್ತಿದವಳು ನಾನು ಎಂದು ಯಾರೂ ನಿನಗೆ ಹೇಳಿರುವುದಿಲ್ಲ, ಅದಕ್ಕೇ ಹೇಳಿದೆ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನಿಗೆ ಶಾಲೆಯ ಅಡುಗೆಮನೆಯಲ್ಲಿ ಹೊಸ ಒಲೆ ಬಂದಿದೆ, ಅದರ ಮೇಲೆ ಮಾಡಿದ ಕೆಂಪನ್ನ ತಳ ಹಿಡಿಯುವುದಿಲ್ಲವೆಂದು ಅವಳಿಗೇ ಬೇಜಾರು. ತಳದ ಸೀಕಲಿಲ್ಲದ ಅನ್ನವೂ ಒಂದು ಅನ್ನವೇ? ಎನ್ನುತ್ತಾಳೆ. ಮಳೆ ನಿಂತು ಒಣಗಾಳಿ ಶುರುವಾಗಿದೆ. ಬೇಲಿಯಾಚೆ ತರಗೆಲೆ ಸುಡುತ್ತಿದ್ದಾರೆ, ನಾನು ಕಿಟಕಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ.

ಭಾನುವಾರ ನೀನು ಫೋನಿನಲ್ಲಿ ಕಿನ್ ಹತ್ತಿರ ಹನ್ನೊಂದು ನಿಮಿಷ ಮಾತನಾಡಿದೆ. ಗೋಡೆ ಗಡಿಯಾರದ ಕೆಳಗೇ ನಿಂತಿದ್ದೆ, ತಪ್ಪಿರಲಾರದು. ಆಮೇಲೆ ನನ್ನ ಸರದಿ. "ಹೇಗಿದೀಯ ದೀತಾ? ಸರಿ. ನೋಡು ಮಗಳೇ, ನಿನ್ ತಮ್ಮನ ಕಾಗದ ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಸ್ವಲ್ಪ ವಿಚಾರ್ಸು. ಕಾಗದಪತ್ರ ಅಂದ್ರೆ ನಮ್ಮನೇಲಿ ನೀನೇ ಸೈ. ಫೋನ್ ಅಮ್ಮಂಗೆ ಕೊಡು." ಮುಗಿಯಿತು. ವಿಚಾರಿಸಿದ್ದೇನೆ ಅಪ್ಪಾ. ಅದನ್ನು ಬರೆಯುವುದಕ್ಕೇ ಕೂತಿದ್ದು.

ಕಿನ್‌ನ ಸೇನಾಧಿಕಾರಿ ತರಬೇತಿ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಂಕಪಟ್ಟಿ ಸರಿಯಾಗಿದೆ, ಓಟ ಸರಿಯಾಗಿದೆ, ಸಂದರ್ಶನವಂತೂ ಸರಿಗಿಂತ ಹೆಚ್ಚೇ ಸರಿಯಾಗಿದೆ. ಒಂದೇ ಬಾಕಿ, ಆರೋಗ್ಯದ ಕಡತ. ಹೋದ ಗುರುವಾರ ವೈದ್ಯಕೀಯ ಮಂಡಳಿಯಿಂದ ಪತ್ರ ಬಂತು. ಹದಿಮೂರು ತುಂಬಿದ ಮೇಲೆ ಇವನಿಗೆ ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧಿಯನ್ನು ಮೂರು ಸಲ ಕೊಟ್ಟಿದ್ದಾರೆಂದು ಆಸ್ಪತ್ರೆಯ ದಾಖಲೆಯಲ್ಲಿದೆಯಂತೆ. ಆ ವಯಸ್ಸು ದಾಟಿದ ಮೇಲೂ ಉಬ್ಬಸವಿದ್ದವರನ್ನು ಅವರು ಅಧಿಕಾರಿ ಮಾಡುವುದಿಲ್ಲ. ಇಪ್ಪತ್ನಾಲ್ಕನೇ ತಾರೀಖಿನೊಳಗೆ ತೃಪ್ತಿಕರ ವಿವರಣೆ ಬರದಿದ್ದರೆ ಅರ್ಜಿ ಮುಚ್ಚುತ್ತಾರೆ. ಅಮ್ಮ ಪತ್ರ ಓದಿ, "ನಮ್ ಕಿನ್‌ಗೆ ಎಲ್ಲಿತ್ತು ಉಬ್ಬಸ? ಒಂದ್ ತಿಂಗ್ಳು ಕೆಮ್ಮಿದ್ದ, ಅಷ್ಟೇ ತಾನೆ!" ಎಂದು ಅತ್ತಳು. ಕಿನ್ ನನ್ನತ್ತ ಒಮ್ಮೆ ನೋಡಿದ. ನಾನು ಪತ್ರ ಮಡಚಿ ಲಕೋಟೆಗೆ ಹಾಕಿದೆ.

ನಿನ್ನ ಹತ್ತಿರ ಮುಚ್ಚಿಡುವುದೇನು? ಆ ಪತ್ರ ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಹೊಟ್ಟೆಗೆ ತಣ್ಣೀರು ಬಿದ್ದ ಹಾಗಾಯಿತು. ನೀನು ಕೂತಲ್ಲೇ ಹುಬ್ಬು ಗಂಟಿಕ್ಕುವುದು ನನಗಿಲ್ಲಿಂದ ಕಾಣುತ್ತಿದೆ, ಗಂಟಿಕ್ಕು. ಆ ಅರ್ಜಿಯನ್ನು ಟೈಪ್ ಮಾಡಿದವಳು ನಾನು. ಅವನ ಪ್ರಬಂಧ ತಿದ್ದಿದವಳು ನಾನು. ಅದರಲ್ಲಿ ಅವನು ಏನು ಬರೆದಿದ್ದ ಗೊತ್ತೇ? "ನನ್ನ ತಂದೆ ಒಮ್ಮೆ ಟ್ರಕ್ಕಿನಲ್ಲಿ ನನಗೆ ಹೇಳಿದರು: ನಮ್ಮ ಮನೆಯಲ್ಲಿ ಎಲ್ಲರೂ ಸಲ್ಯೂಟ್ ಹೊಡೆದವರೇ, ಒಬ್ಬರಾದರೂ ಹೊಡೆಸಿಕೊಳ್ಳುವವರು ಆಗಬೇಕು." ಅದು ನನ್ನ ಮಾತು ಅಪ್ಪಾ! ನನಗೆ ಏಳು ವರ್ಷ, ಕೊಲ್ಲಿಯ ತಿರುವಿನಲ್ಲಿ ಟ್ರಕ್ ನಿಲ್ಲಿಸಿ ಎಳನೀರು ಕೊಡಿಸಿ, ನನ್ನ ಮೂಗು ಹಿಂಡಿ ನೀನು ನನಗೆ ಹೇಳಿದ್ದು. ಕಿನ್ ಆಗ ಮನೆಯಲ್ಲಿ ಅಜ್ಜಿಯ ಹತ್ತಿರ ಚಡ್ಡಿ ಹಾಕಿಸಿಕೊಳ್ಳುತ್ತಿದ್ದ. ನನಗೆ ಕೊಟ್ಟದ್ದನ್ನೇ ಅವನಿಗೂ ಕೊಟ್ಟೆಯಲ್ಲ, ಬೇರೊಂದು ಮಾತು ಹುಟ್ಟಲಿಲ್ಲವೇ ನಿನಗೆ? ಅದರ ಕಾಗುಣಿತ ತಿದ್ದಿ, ಪೂರ್ಣವಿರಾಮ ಇಟ್ಟು, ಕಳಿಸಿದೆ.

ಸಂದರ್ಶನ ಮಾಡಿದ್ದು ನಮ್ಮ ವಿಶ್ವವಿದ್ಯಾಲಯದ ತರಬೇತಿ ದಳದ ಕ್ಯಾಪ್ಟನ್. ಒಂದೂವರೆ ವರ್ಷದಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಐದಕ್ಕೆ ಆ ಮೈದಾನದಲ್ಲಿ ನಿಲ್ಲುವವಳು ನಾನು, ವಿದ್ಯಾರ್ಥಿವೇತನವಿಲ್ಲದೆ, ಬರೀ ಆಸೆಯ ಮೇಲೆ. ಉಳಿದ ಎರಡು ವರ್ಷಕ್ಕಾದರೂ ಕೊಡಿ ಎಂದು ಬರೆದ ನನ್ನ ಅರ್ಜಿಯೂ ಅದೇ ಕ್ಯಾಪ್ಟನ್ನರ ಮೇಜಿನ ಮೇಲಿದೆ. ಕಿನ್ ಇಪ್ಪತ್ತು ನಿಮಿಷ ಮಾತನಾಡಿ ಹೊರಗೆ ಬಂದ. ಅವರು ಬಾಗಿಲಿಗೆ ಬಂದು, "ಇವ್ನು ನಿನ್ ತಮ್ಮಾನಾ? ಮೊದ್ಲೇ ಯಾಕಮ್ಮ ಹೇಳ್ಲಿಲ್ಲ! ಹುಟ್ಟಾ ಅಧಿಕಾರಿ ಕಣಮ್ಮ ಇವ್ನು" ಎಂದರು. ನನ್ನನ್ನು ಅವರು ಒಂದೂವರೆ ವರ್ಷದಲ್ಲಿ ಒಂದೇ ಒಂದು ಸಲ ಹೊಗಳಿದ್ದಾರೆ, ಅದೂ ಹಾಜರಿ ಪುಸ್ತಕ ಚೆನ್ನಾಗಿ ಇಟ್ಟಿದ್ದಕ್ಕೆ. ಅವತ್ತು ಮನೆಗೆ ಬಂದು ಅಜ್ಜಿಯ ಕೋಳಿಗಳನ್ನು ಸುಮ್ಮಸುಮ್ಮನೆ ಅಟ್ಟಾಡಿಸಿದೆ.

ಈಗ ಔಷಧಿಯ ವಿಷಯ. ಅದು ನನ್ನದು.

ನಾಲ್ಕು ವರ್ಷದ ಹಿಂದಿನ ಜನವರಿ, ಇದೇ ತರಗೆಲೆ ಸುಡುವ ಕಾಲ. ನನಗೆ ಹದಿನಾರು, ಕಿನ್‌ಗೆ ಹದಿಮೂರು ತುಂಬಿ ಮೂರು ತಿಂಗಳು. ಹೊಗೆ ಬಿದ್ದರೆ ನನ್ನ ಎದೆ ಸಿಳ್ಳೆ ಹೊಡೆಯುತ್ತಿತ್ತು. ಆ ವಿದ್ಯಾರ್ಥಿವೇತನದ ನಿಯಮಗಳನ್ನು ನಾನು ಆಗಲೇ ಬಾಯಿಪಾಠ ಮಾಡಿದ್ದೆ, ಉಬ್ಬಸ ಎಂದು ಒಂದು ಸಲ ಬರೆಸಿಕೊಂಡರೆ ಕಥೆ ಮುಗಿಯಿತೆಂದು ಗೊತ್ತಿತ್ತು. ಕಿನ್‌ಗೂ ನೆಗಡಿ ಕಟ್ಟಿತ್ತು. ಅಮ್ಮ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳು ಚೀಟಿ ಬರೆಸಲು ಹೋದಾಗ ನಾನು ಅವನಿಗೆ, "ಉಸಿರು ಕಟ್ಟೋದು ನಿಂಗೇ ಅಂತ ಡಾಕ್ಟ್ರಿಗೆ ಹೇಳು. ನೀನು ಸೇನೆಗೀನೆ ಸೇರೋನಲ್ಲ, ನಿಂಗೇನು ನಷ್ಟ?" ಎಂದೆ. ಅವನಿಗೆ ಆಗ ಡ್ರಮ್ ಬಾರಿಸುವ ಹುಚ್ಚು ಬಿಟ್ಟರೆ ಬೇರೆ ಇರಲಿಲ್ಲ. ಆದರೂ ಚೌಕಾಸಿ ಮಾಡಿದ. "ಅಪ್ಪನ ಟ್ರಕ್ಕಲ್ಲಿ ಮುಂದಿನ ಸೀಟು ನಂಗೆ. ಯಾವಾಗ್ಲೂ." ಕೊಟ್ಟೆ. ಒಳಗೆ ಹೋಗುವ ಮೊದಲು ಅವನು ವಾಹನ ನಿಲ್ಲಿಸುವ ಜಾಗವನ್ನು ಮೂರು ಸುತ್ತು ಓಡಿ ಬಂದ. ಮೊದಲೇ ಗೊರಗೊರ ಎನ್ನುತ್ತಿದ್ದ ಎದೆ, ಡಾಕ್ಟರು ನಂಬಿದರು. ಆ ವರ್ಷ ಔಷಧಿ ಮೂರು ಸಲ ಅವನ ಹೆಸರಿನಲ್ಲಿ ಬಂತು, ಅಮ್ಮ ಕೆಮ್ಮಿನದೆಂದುಕೊಂಡಳು, ಮೂರು ಸಲವೂ ನನ್ನ ದಿಂಬಿನ ಕೆಳಗೆ ಹೋಯಿತು. ಈಗ ಹೊಗೆಯಿಂದ ದೂರ ನಿಂತು ಸಂಭಾಳಿಸುತ್ತೇನೆ. ಹೋದ ತಿಂಗಳು ತುಂಬಿದ ನನ್ನ ಅರ್ಜಿಯಲ್ಲಿ ಉಬ್ಬಸವಿತ್ತೇ ಎಂಬ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದ್ದೇನೆ.

ನಿನಗೆ ನೆನಪಿದೆಯೇ, ಆ ವರ್ಷದಿಂದ ನಾನು ಟ್ರಕ್ಕಿನ ಹಿಂದಿನ ತೆರೆದ ಭಾಗದಲ್ಲಿ ಕೂರಲು ಶುರು ಮಾಡಿದೆ? ಮುಂದೆ ಇದ್ದದ್ದು ನಿನ್ನದು ಬಿಟ್ಟರೆ ಒಂದೇ ಸೀಟು. "ನಂಗೆ ಗಾಳಿ ಬೇಕು" ಎಂದಿದ್ದೆ. ನೀನು ಅಮ್ಮನ ಹತ್ತಿರ, "ಮಗಳು ದೊಡ್ಡೋಳಾದ್ಲು, ಅಪ್ಪನ ಪಕ್ಕ ಕೂರೋಕೆ ನಾಚ್ಕೆ ಅವ್ಳಿಗೆ" ಎಂದದ್ದು ನನಗೆ ಕೇಳಿಸಿತ್ತು. ನಾಚಿಕೆಯಲ್ಲ ಅಪ್ಪಾ. ಹಿಂದೆ ಕೂತವಳಿಗೆ ಗಾಜಿನಾಚೆ ನಿಮ್ಮಿಬ್ಬರ ತಲೆ ಕಾಣುತ್ತಿತ್ತು. ನೀನು ಕೈ ಆಡಿಸಿ ಏನೋ ಹೇಳುತ್ತಿದ್ದೆ, ಅವನು ನಗುತ್ತಿದ್ದ, ಗಾಳಿಯ ಸದ್ದಿಗೆ ನನಗೆ ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಶಾಲೆಗೆ ಇಪ್ಪತ್ತೈದು ನಿಮಿಷದ ದಾರಿ, ಎರಡು ವರ್ಷ. ಅಧಿಕಾರಿಯಾಗುವ ಆಸೆ ಅವನಿಗೆ ಹತ್ತಿದ್ದು ಆ ಸೀಟಿನಲ್ಲೇ, ನನ್ನ ಮಾತು ಅವನಿಗೆ ಸಿಕ್ಕಿದ್ದೂ ಅಲ್ಲೇ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ. ಕೈಯಾರೆ ಮಾರಿಕೊಂಡದ್ದಕ್ಕೆ ಹೊಟ್ಟೆಕಿಚ್ಚು ಪಡುವವಳು ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು.

ಪತ್ರ ಬಂದ ದಿನ ಸಂಜೆ ಅವನು ನನ್ನ ಕೋಣೆಯ ಬಾಗಿಲಿಗೆ ಒರಗಿ, ಒಣಮಾಂಸ ಜಗಿಯುತ್ತಾ, "ಅಕ್ಕಾ, ನೀನೇನೂ ಹೇಳ್ಬೇಡ. ಊದೋ ಪರೀಕ್ಷೆ ಕೊಡಿ ಅಂತೀನಿ, ಊದಿ ತೋರಿಸ್ತೀನಿ. ಮೊದ್ಲು ನಿನ್ ಅರ್ಜಿ ದಾಟ್ಲಿ" ಎಂದ. ನಾನು ಸೋಮವಾರ ಮಂಡಳಿಯ ಕಚೇರಿಗೆ ಫೋನ್ ಮಾಡಿದೆ. ಊದಿ ತೋರಿಸಿದರೆ ಸಾಲದು, ಮೂರು ಸಲ ಔಷಧಿ ಯಾಕೆ ಕೊಟ್ಟರು ಎಂಬುದಕ್ಕೆ ಉತ್ತರ ಬೇಕೇ ಬೇಕು ಎಂದರು. ಅವನು ಬಾಯಿ ಬಿಟ್ಟರೆ ಅವನದು ಉಳಿಯುತ್ತದೆ, ನನ್ನದು ಹೋಗುತ್ತದೆ. ಬಾಯಿ ಬಿಡುತ್ತಿಲ್ಲ. ಅವನು ನನ್ನ ಮೇಲೆ ಹೇಳಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ನೆಮ್ಮದಿಯಾಗಿ ದ್ವೇಷಿಸಿಕೊಂಡು ಇರುತ್ತಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ಹಿಂದಿನ ಸೀಟಿಗೆ ತಳ್ಳಿದ್ದಾನೆ ಕಳ್ಳ.

ಇನ್ನೊಂದು ಮಾತು. ಶನಿವಾರ ಚಿಕ್ಕಪ್ಪನ ಮಗುವಿನ ನಾಮಕರಣದ ಊಟವಿತ್ತು. ನೀನಿಲ್ಲದ ಮೇಲೆ ಮಾಂಸ ಸುಡುವ ಕೆಂಡದ ಮುಂದೆ ನಿನ್ನ ಜಾಗದಲ್ಲಿ ನಿಲ್ಲುವವನು ಕಿನ್. ನಾನು ಹತ್ತಿರ ಹೋದರೆ ಇಕ್ಕುಳ ಆಡಿಸಿ, "ಅಕ್ಕ ಅನ್ನ ಬಡಿಸ್ಲಿ, ಇಲ್ಲಿಗೆ ಬರೋದು ಬೇಡ" ಎಂದು ಎಲ್ಲರೆದುರು ಕೂಗುತ್ತಾನೆ. ನಿನ್ನ ಇಕ್ಕುಳಕ್ಕೂ ಅವನೇ ವಾರಸುದಾರನಾದನಲ್ಲ ಎಂದು ಇಷ್ಟು ದಿನ ಕುದ್ದಿದ್ದೆ. ಶನಿವಾರ ಗಾಳಿ ದಿಕ್ಕು ಬದಲಿಸಿತು. ಅವನು ಮಾತಾಡುತ್ತಲೇ ಒಲೆಯನ್ನು ಎಳೆದು ಆಚೆ ತಿರುಗಿಸಿ, ನನಗೂ ಹೊಗೆಗೂ ನಡುವೆ ಬಂದು ನಿಂತು, ಕಣ್ಣು ಒರೆಸಿಕೊಂಡ. ನಾಲ್ಕು ವರ್ಷದಿಂದ ಅವನು ಇದನ್ನೇ ಮಾಡುತ್ತಿದ್ದಾನೆಂದು ನನಗೆ ಆಗ ಹೊಳೆಯಿತು. ನಾನು ಅನ್ನ ಬಡಿಸಿದೆ.

ಇನ್ನೂ ಹತ್ತು ದಿನ ಇದೆ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ, ನೀನು ಏನು ಹೇಳುತ್ತೀಯೆಂದು ಗೊತ್ತು. ಗೊತ್ತಿರುವುದಕ್ಕೇ ಕೋಪ.

ಅಜ್ಜಿ ನಿನ್ನ ಹೆಸರಿನಲ್ಲಿ ದಿನಕ್ಕೆರಡು ಜಪಮಾಲೆ ಹೇಳುತ್ತಾಳೆ, ಎರಡನೆಯದರಲ್ಲಿ ಅರ್ಧಕ್ಕೇ ನಿದ್ದೆ ಹೋಗುತ್ತಾಳೆ. ಅಮ್ಮ ನೆನಪು ತಿಳಿಸಿದ್ದಾಳೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೋ, ಧೂಳಿನಲ್ಲಿ ಮೂಗು ಮುಚ್ಚಿಕೋ. ನಿನ್ನ ಕೈಯನ್ನು ಇನ್ನೊಮ್ಮೆ ಮೂಗಿಗೆ ಒತ್ತಿಕೊಂಡು,

ನಿನ್ನ ಮೊದಲ ಮಗಳು
ದೀತಾ

ತಾ.ಕ.: ಗುರುವಾರ. ಈ ಪತ್ರ ಎರಡು ದಿನ ಮೇಜಿನ ಮೇಲೇ ಬಿದ್ದಿತ್ತು. ಅಂಚೆಯ ಬಂಡಿ ಚರ್ಚಿನ ಹತ್ತಿರ ಬಂದಿದೆ, ಬೇಗ ಬರೆಯುತ್ತೇನೆ. ನಿನ್ನೆ ಮಂಡಳಿಗೆ ಬರೆದು ಸಹಿ ಹಾಕಿ ಕಳಿಸಿದೆ. ಔಷಧಿ ನನ್ನದು, ಉಬ್ಬಸ ನನ್ನದು, ಸುಳ್ಳು ಹೇಳಿಸಿದವಳೂ ನಾನು, ಅವನು ಹದಿಮೂರರ ಹುಡುಗ ಎಂದು. ಕ್ಯಾಪ್ಟನ್ನರ ಮೇಜಿನಿಂದ ನನ್ನ ಅರ್ಜಿ ವಾಪಸ್ ತಂದೆ. ಮಂಡಳಿಯವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಕಿನ್‌ಗೆ ನಾನೇ ಹೇಳುತ್ತೇನೆ, ನೀನು ಫೋನಿನಲ್ಲಿ ಬಾಯಿ ಬಿಡಬೇಡ. ಅವನು ಅಧಿಕಾರಿಯಾದರೆ ಆಗಲಿ, ನೀನು ಅವನಿಗೆ ಸಲ್ಯೂಟ್ ಹೊಡೆ. ಆದರೆ ನೀನು ಬಂದ ದಿನ ವಿಮಾನ ನಿಲ್ದಾಣದಿಂದ ಮನೆತನಕ ಟ್ರಕ್ಕಿನ ಮುಂದಿನ ಸೀಟು ನನ್ನದು. ಅವನು ಹಿಂದೆ ಕೂರಲಿ. ಕಿಟಕಿ ಏರಿಸಿಕೊಂಡು ಮಾತಾಡೋಣ.