ಅವ್ವಂಗೆ ನಿದ್ದೆ ಬರೋ ಮನೆ

ಅವ್ವಾ,
ಇದನ್ನ ಗಣೇಶಣ್ಣನ ಕೈಲಿ ಓದಿಸ್ಕೊ. ಫೋನಲ್ಲಿ ಹೇಳಿದ್ರೆ ಬಾಡಿಗೆ ಎಷ್ಟು ಅಂತ ಶುರು ಮಾಡ್ತೀಯ.

ನೀನೂ ನಾನೂ ಇರಕ್ಕೆ ಕಾಪು, ಮಲ್ಪೆ ಎರಡೂ ಊರಲ್ಲಿ ಮನೆ ನೋಡ್ದೆ. ನನ್ನ ಉಡುಪಿ ಆಸ್ಪತ್ರೆ ಡ್ಯೂಟಿಗೆ ಎರಡು ಕಡೆಯಿಂದ್ಲೂ ಬಸ್ಸೈತೆ. ಕಾಪು ಮನೆ ಹೊಸದು, ಆದ್ರೆ ಒಂದು ಸದ್ದೂ ಇಲ್ಲ. ಕುರಿ ಮಾರಿದ್ಮೇಲೆ ರೊಪ್ಪ ಸುಮ್ಮನಾಗಿ ನಿದ್ದೆನೇ ಹತ್ತಲ್ಲ ಅಂದಿದ್ದೆಯಲ್ಲ, ಅದು ನೆಪ್ಪಾಯ್ತು. ಮಲ್ಪೆ ಮನೆ ಹಳೇದು, ಚಿಲಕ ತುಕ್ಕು ಹಿಡಿದೈತೆ, ಒಸಿ ಮೀನಿನ ವಾಸನೆ. ಹಿತ್ತಲ ಹಿಂದೇನೇ ಸಮುದ್ರ. ಕಣ್ಮುಚ್ಕಂಡು ಕೂತ್ರೆ ಅಲೆ ಸದ್ದು ನಮ್ಮ ಉಯ್ಯಂಬಳ್ಳಿ ರೊಪ್ಪದ ತುಂಬ ಕುರಿ ಮಲಗಿ ಉಸಿರು ಬುಟ್ಟಂಗೆ ಕೇಳ್ತದೆ. ಅಡ್ವಾನ್ಸ್ ಕೊಟ್ಬುಟ್ಟೆ.

ಬಿಪಿ ಮಾತ್ರೆ, ರಾಗಿಹಿಟ್ಟು ತಕ್ಕಂಡು ಬಾ. ರೊಪ್ಪದಲ್ಲಿ ಮಾಡ್ತಿದ್ದಂಗೆ ರಾತ್ರಿ ಎದ್ದು ಎಣಿಸಕ್ಕೆ ಮಾತ್ರ ಹೋಗ್ಬೇಡ. ಈ ಮಂದೆ ಎಲ್ಲೂ ತಪ್ಪಿಸ್ಕಳಲ್ಲ.

ರಮ್ಯ